ದೊಡ್ಡವ್ವ ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದರು: ಕೊಡಗಿನ ಪರಿಹಾರ ಕೇಂದ್ರದ ಒಂದು ಪ್ರಕರಣ

ಪರಿಹಾರ ಕೇಂದ್ರದ ಹಾಲ್ ಒಳಗೆ ಚಪ್ಪಲಿ ತರಬಾರದು ಅಂತ ನಿಯಮ ಮಾಡಿದ್ದು ಸ್ವಯಂಸೇವಕರಾದ ನಾವೇ. 180 ಜನ ನೆಲದ ಮೇಲೆ ಸಾಲಾಗಿ ಮಲಗುವ ಜಾಗ. ಹೊರಗೆ ಬಿಡದ ಮಳೆ, ಕಾಲಿಟ್ಟಲ್ಲೆಲ್ಲ ಕೆಸರು. ಎಲ್ಲರೂ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಒಬ್ಬರು ಮಾತ್ರ ಬಿಡುತ್ತಿರಲಿಲ್ಲ. ಯಾರೋ ದಾನ ಕೊಟ್ಟ, ಎರಡು ಸೈಜ್ ದೊಡ್ಡದಾದ ಹವಾಯಿ ಚಪ್ಪಲಿ. ಅದನ್ನು ಹಾಕಿಕೊಂಡೇ ಕಂಬಳಿ ಹೊದ್ದು ಮಲಗುತ್ತಿದ್ದರು. ನಮ್ಮ ಹುಡುಗರು ಎರಡು ಸಲ ಮೆತ್ತಗೆ ಹೇಳಿದರು. ಮೂರನೇ ಸಲ ಒಬ್ಬ ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. ಅವರು ಮಾತಾಡಲಿಲ್ಲ. ಕಾಲು ಮಡಚಿ ಕಂಬಳಿಯೊಳಗೆ ಎಳೆದುಕೊಂಡರು.

ಕೇಂದ್ರದ ಮಕ್ಕಳೆಲ್ಲ ಅವರನ್ನು ದೊಡ್ಡವ್ವ ಅನ್ನುತ್ತಿದ್ದರು. ನಾವೂ ಹಾಗೇ ಕರೆದೆವು, ಇಲ್ಲೂ ಹಾಗೇ ಬರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಊರಿನ ಹೆಸರು ಬಿಟ್ಟಿದ್ದೇನೆ, ಕುಟುಂಬದ ಕೆಲವು ವಿವರ ಬದಲಿಸಿದ್ದೇನೆ. ಅವರ ಮನೆಮಾತು ಅರೆಭಾಷೆ, ಕೊಡಗಿನ ಕಡೆ ಆಡುವ ಒಂದು ಭಾಷೆ. ಅವರು ಹೇಳಿದ್ದನ್ನು ಕನ್ನಡಕ್ಕೆ ತಂದಿದ್ದೇನೆ.

ಆ ಮೂರು ದಿನ

2018ರ ಆಗಸ್ಟ್ 15, 16, 17. ಕೊಡಗಿನವರಿಗೆ ಈ ತಾರೀಕುಗಳನ್ನು ಯಾರೂ ನೆನಪಿಸಬೇಕಾಗಿಲ್ಲ. ಮಡಿಕೇರಿಯ ಸುತ್ತ ಮಕ್ಕಂದೂರು, ಉದಯಗಿರಿ, ಹೆಬ್ಬೆಟ್ಟಗೇರಿ, ಕಾಲೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿಯಲ್ಲಿ ಮದೆನಾಡು, ಮೊಣ್ಣಂಗೇರಿ, ಜೋಡುಪಾಲ. ಒಂದಾದ ಮೇಲೆ ಒಂದು ಗುಡ್ಡದ ಬರೆ ಜರಿಯಿತು. ತೋಟ, ಮನೆ, ರಸ್ತೆ, ಗದ್ದೆ ಎಲ್ಲ ಒಟ್ಟಿಗೆ ಇಳಿದು ಹೋದವು. ಸುಮಾರು 20 ಜನ ತೀರಿಕೊಂಡರು. ಸಾವಿರಾರು ಜನ ಉಟ್ಟ ಬಟ್ಟೆಯಲ್ಲಿ ಹೊರಟು ಸಮುದಾಯ ಭವನ, ಶಾಲೆ, ಕಲ್ಯಾಣ ಮಂಟಪಗಳನ್ನು ಸೇರಿದರು. ಮಂಗಳೂರು ರಸ್ತೆ ವಾರಗಟ್ಟಲೆ ಬಂದ್ ಆಯಿತು. ಸೇನೆ ಬಂತು, ರಾಷ್ಟ್ರೀಯ ವಿಪತ್ತು ಪಡೆ ಎನ್‌ಡಿಆರ್‌ಎಫ್ ಬಂತು. ಅವರು ಬರುವ ಮೊದಲೇ ಅಕ್ಕಪಕ್ಕದ ಊರಿನ ಹುಡುಗರು ಹಗ್ಗ, ಕತ್ತಿ ಹಿಡಿದು ಹೊರಟಿದ್ದರು.

ನಮ್ಮ ತಂಡ ಹುಟ್ಟಿದ್ದೂ ಆ ವಾರವೇ. 11 ಜನ. ಇಬ್ಬರು ಮೇಷ್ಟ್ರು, ಒಬ್ಬ ಅಂಗನವಾಡಿ ಕಾರ್ಯಕರ್ತೆ, ನಿವೃತ್ತರಾದ ಒಬ್ಬ ನರ್ಸ್, ಒಬ್ಬ ಪಿಕಪ್ ಚಾಲಕ, ಉಳಿದವರು ಕಾಲೇಜು ಹುಡುಗ ಹುಡುಗಿಯರು. ಮನಸ್ಸಿನ ಆರೈಕೆ ಅಂದರೆ ಏನು ಅಂತ ಸರಿಯಾಗಿ ಗೊತ್ತಿದ್ದವರು ನರ್ಸ್ ಅಕ್ಕ ಒಬ್ಬರೇ. ಉಳಿದ ನಮಗೆ ಇದ್ದದ್ದು ಆಸೆ ಮಾತ್ರ. ಆಸೆ ಸಾಕಾಗುವುದಿಲ್ಲ ಅಂತ ಐದೇ ದಿನದಲ್ಲಿ ಗೊತ್ತಾಯಿತು.

ದೊಡ್ಡವ್ವನಿಗೆ ಆಗ 58 ವರ್ಷ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗ, ಸೊಸೆ ಹೊರ ಊರಿನಲ್ಲಿ ಕೆಲಸದಲ್ಲಿದ್ದರು. 9 ವರ್ಷದ ಮೊಮ್ಮಗ ಇವರ ಜೊತೆ ಇದ್ದುಕೊಂಡು ಊರಿನ ಶಾಲೆಗೆ ಹೋಗುತ್ತಿದ್ದ. ಮೂರು ಎಕರೆ ಕಾಫಿ, ಸ್ವಲ್ಪ ಏಲಕ್ಕಿ, ಕೊಟ್ಟಿಗೆಯಲ್ಲಿ ಎರಡು ಹಸು. ಬೆಳಿಗ್ಗೆ ಗುಡ್ಡದೊಳಗಿಂದ ಲಾರಿ ಬಂದ ಹಾಗೆ ಸದ್ದು ಕೇಳಿತಂತೆ. ಪಕ್ಕದ ಮನೆಯವರು ಕೂಗಿದರು. ಮೊಮ್ಮಗನ ಕೈ ಹಿಡಿದು ಬರಿಗಾಲಲ್ಲಿ ಹೊರಟರು. ನಾಲ್ಕು ಗಂಟೆ ತೋಟದಿಂದ ತೋಟಕ್ಕೆ ಹತ್ತಿ ಇಳಿದು ರಸ್ತೆ ಮುಟ್ಟಿದರು. ಅವರ ಊರಿನಲ್ಲಿ ಯಾರಿಗೂ ಜೀವಕ್ಕೆ ಅಪಾಯವಾಗಲಿಲ್ಲ. ಮನೆ, ಕೊಟ್ಟಿಗೆ, ತೋಟದ ಮುಕ್ಕಾಲು ಭಾಗ ಹೋಯಿತು.

ಇಷ್ಟು ವಿವರ ನಮಗೆ ಎರಡನೇ ದಿನವೇ ಗೊತ್ತಿತ್ತು. ಹೇಗೆ ಗೊತ್ತಿತ್ತು ಅನ್ನುವುದರಲ್ಲೇ ನಮ್ಮ ತಪ್ಪು ಶುರುವಾಗುತ್ತದೆ.

ಒಂದೇ ಕಥೆ ಎಷ್ಟು ಸಲ

ಕೇಂದ್ರಕ್ಕೆ ಬಂದವರೆಲ್ಲ ಕೇಳುತ್ತಿದ್ದರು. ಹೆಸರು ಬರೆದುಕೊಳ್ಳಲು ಬಂದವರು, ಕಂಬಳಿ ಕೊಡಲು ಬಂದವರು, ಮೈಕ್ ಹಿಡಿದು ಬಂದವರು, ದೂರದ ಊರಿಂದ ಅಕ್ಕಿ ಮೂಟೆ ತಂದವರು. "ಏನಾಯ್ತಮ್ಮಾ? ಹೇಗೆ ಬಂದ್ರಿ? ಮನೆ ಪೂರ್ತಿ ಹೋಯ್ತಾ?" ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಕಂಬಳಿ ತೆಗೆದುಕೊಂಡವರು ಕಥೆ ಹೇಳದಿದ್ದರೆ ತಪ್ಪಾಗುತ್ತೆ ಅನ್ನುವ ಹಾಗೆ ಆಗಿಬಿಟ್ಟಿತ್ತು. ನಾಲ್ಕು ದಿನದಲ್ಲಿ ದೊಡ್ಡವ್ವ ಅದನ್ನು ಒಂಬತ್ತು ಸಲ ಹೇಳಿದ್ದನ್ನು ನಾನೇ ನೋಡಿದ್ದೇನೆ. ಪ್ರತಿ ಸಲವೂ ಅದೇ ಮಾತುಗಳು, ಅದೇ ಕ್ರಮ. ಪಾಠ ಒಪ್ಪಿಸಿದ ಹಾಗೆ. ಕೊಟ್ಟಿಗೆಯೊಳಗೆ ಏನಾಯಿತು ಅನ್ನುವುದು ಮಾತ್ರ ಒಂದು ಸಲವೂ ಬರಲಿಲ್ಲ.

ಕೇಳಿದವರು ಕೊನೆಗೆ ಹೇಳುತ್ತಿದ್ದ ಮಾತೂ ಒಂದೇ. "ಜೀವ ಉಳೀತಲ್ಲ, ಅದೇ ದೊಡ್ಡದು." ನಾನೂ ಹೇಳಿದ್ದೇನೆ. ಸಮಾಧಾನಕ್ಕೆ ಅಂತ ಹೇಳುವ ಮಾತು. ಆದರೆ ಆ ಮಾತು ಬಿದ್ದ ಮೇಲೆ ಎದುರಿಗಿದ್ದವರು ಉಳಿದ ಯಾವುದಕ್ಕೂ ಅಳುವ ಹಾಗಿಲ್ಲ, ಅಲ್ವಾ?

ಐದನೇ ದಿನ ನಾವು ಇನ್ನೂ ದೊಡ್ಡ ತಪ್ಪು ಮಾಡಿದೆವು. ಹೊರಗಿನಿಂದ ಬಂದಿದ್ದ ತರಬೇತುದಾರರೊಬ್ಬರು "ಎಲ್ಲರನ್ನೂ ಕೂರಿಸಿ, ಮನಸ್ಸಿನ ಭಾರ ಇಳಿಸೋಣ" ಅಂದರು. ನನಗೆ ಸರಿ ಅನ್ನಿಸಿತು. ಹಾಲ್‌ನ ಒಂದು ಮೂಲೆಯಲ್ಲಿ 22 ಜನರನ್ನು ವೃತ್ತಾಕಾರವಾಗಿ ಕೂರಿಸಿದೆವು. ಅತಿ ಕಷ್ಟದ ಗಳಿಗೆ ಯಾವುದು ಅಂತ ಒಬ್ಬೊಬ್ಬರಾಗಿ ಹೇಳಬೇಕು. ನಾಲ್ಕನೆಯವರು ಹೇಳುವಾಗ ಐದನೆಯವರು ನಡುಗುತ್ತಿದ್ದರು. ತಾನು ನೋಡದೇ ಇದ್ದದ್ದನ್ನೂ ಈಗ ಪ್ರತಿಯೊಬ್ಬರೂ ಕಣ್ಣೆದುರು ತಂದುಕೊಳ್ಳುತ್ತಿದ್ದರು. ದೊಡ್ಡವ್ವನ ಸರದಿ ಬಂತು. "ಕಣ್ಣಿ..." ಅಂದರು. ಅಷ್ಟೇ. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗ ಎರಡೂ ಕಿವಿ ಮುಚ್ಚಿಕೊಂಡು ಅವರ ಮಡಿಲಲ್ಲಿ ಮುಖ ಹುದುಗಿಸಿದ. ನರ್ಸ್ ಅಕ್ಕ ಎದ್ದು ಬಂದು, "ಇವತ್ತಿಗೆ ಸಾಕು, ಎಲ್ಲರೂ ಕಾಫಿ ಕುಡಿಯೋಣ" ಅಂತ ಅಲ್ಲಿಗೇ ನಿಲ್ಲಿಸಿದರು.

ಆ ರಾತ್ರಿ ದೊಡ್ಡವ್ವ ಊಟ ಮಾಡಲಿಲ್ಲ. ಕಂಬಳಿ ತೆಗೆದುಕೊಂಡು ಹೊರಗಿನ ಜಗಲಿಗೆ ಹೋಗಿ ಕೂತರು. ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಟಾರ್ಚು, ಪಕ್ಕದಲ್ಲಿ ನಿದ್ದೆ ಹೋದ ಹುಡುಗ. ಬೆಳಗಿನ ತನಕ ಎದುರಿನ ಗುಡ್ಡದ ಕಡೆ ನೋಡುತ್ತಿದ್ದರು.

ನಾವು ಮಾಡಿದ್ದು ಹೊಸ ತಪ್ಪೇನಲ್ಲ. ಅಮೆರಿಕದ ಜೆಫ್ರಿ ಮಿಚೆಲ್ 1983ರಲ್ಲಿ ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಯಂಥವರಿಗಾಗಿ ಇಂಥ ಗುಂಪು ಮಾತುಕತೆಯ ಕ್ರಮವೊಂದನ್ನು ಬರೆದರು. ದಿನವೂ ಅದೇ ಕೆಲಸ ಮಾಡುವ, ಒಬ್ಬರನ್ನೊಬ್ಬರು ಬಲ್ಲ ತಂಡಗಳಿಗೆ ಅಂತ ಹುಟ್ಟಿದ ಕ್ರಮ ಅದು. ಆಮೇಲೆ ಅದನ್ನು ಎಲ್ಲ ಥರದ ಸಂತ್ರಸ್ತರ ಮೇಲೂ ಬಳಸಲು ಶುರು ಮಾಡಿದರು. ಬ್ರಿಟನ್ನಿನ ವೇಲ್ಸ್‌ನಲ್ಲಿ ಸುಟ್ಟಗಾಯವಾದವರ ಮೇಲೆ ನಡೆದ ಒಂದು ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಅಲ್ಲಿ ಒಂದೇ ಸಲ ಕೂರಿಸಿ ಘಟನೆಯನ್ನು ಪೂರ್ತಿ ಹೇಳಿಸಿದವರಲ್ಲಿ 13 ತಿಂಗಳ ನಂತರ ಶೇ. 26ರಷ್ಟು ಜನರಿಗೆ ಆಘಾತದ ಕಾಯಿಲೆ ಇತ್ತು. ಹಾಗೆ ಹೇಳಿಸದೇ ಬಿಟ್ಟವರಲ್ಲಿ ಶೇ. 9. ಎರಡು ಗುಂಪಿನವರ ಗಾಯ ಮೊದಲಿನಿಂದಲೇ ಒಂದೇ ಮಟ್ಟದ್ದಾಗಿರಲಿಲ್ಲ, ಹಾಗಾಗಿ ಆ ಅಂಕಿ ಒಂದನ್ನೇ ನೆಚ್ಚಬಾರದು. ಆದರೆ 2002ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಕಾಕ್ರೇನ್ ವಿಮರ್ಶೆಯೂ ಇದರಿಂದ ಆಘಾತ ತಪ್ಪುತ್ತದೆ ಅನ್ನಲು ಆಧಾರವಿಲ್ಲ, ಒತ್ತಾಯದಿಂದ ಮಾಡಿಸುವುದನ್ನು ನಿಲ್ಲಿಸಿ ಅಂತ ಹೇಳಿತು. ಇದು ಗೊತ್ತಾಗಿ ಹದಿನಾರು ವರ್ಷವಾದ ಮೇಲೂ ನಾವು ಅದನ್ನೇ ಮಾಡಿದೆವು. ಅವತ್ತು ಅಲ್ಲಿ ಕೂತಿದ್ದ 22 ಜನರ ಮುಖ ನನಗೆ ಇನ್ನೂ ನೆನಪಿದೆ.

ಕೇಳುವುದು ಅಂದರೆ

ಮರುದಿನ ಬೆಳಿಗ್ಗೆ ನರ್ಸ್ ಅಕ್ಕ ನಮ್ಮನ್ನು ಅಡುಗೆ ಶೆಡ್ಡಿನ ಹಿಂದೆ ನಿಲ್ಲಿಸಿಕೊಂಡರು. ಬೈಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇನ್ನೆರಡು ಸಂಸ್ಥೆಗಳ ಜೊತೆ ಸೇರಿ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ಸಾರವನ್ನು ಮೂರು ಮಾತಿನಲ್ಲಿ ಹೇಳಿದರು. ನೋಡು, ಕೇಳು, ಜೋಡಿಸು. ಆಮೇಲೆ ಅವರೇ ಹೇಳಿದರು: "ನಮ್ಮ ಭಾಷೇಲಿ ಕೇಳು ಅಂದ್ರೆ ಎರಡು ಅರ್ಥ. ನೀವು ಪ್ರಶ್ನೆ ಕೇಳ್ತಿದೀರಿ. ಅದು ಕಿವಿಗೆ ಹೇಳಿದ್ದು, ಬಾಯಿಗಲ್ಲ."

ಈ ಪ್ರಕರಣದಲ್ಲಿ ನಾನು ಕಲಿತದ್ದೆಲ್ಲ ಆ ಮಾತಿನಿಂದಲೇ ಶುರುವಾಗುತ್ತದೆ.

ಮೊದಲು ನೋಡಿದೆವು. ಒಂದು ದಿನ ಪೂರ್ತಿ ದೊಡ್ಡವ್ವನನ್ನು ಯಾರೂ ಏನೂ ಕೇಳಲಿಲ್ಲ. ಸುಮ್ನೆ ಗಮನಿಸಿದೆವು. ಅವರ ಬಲಗಾಲಿನ ಹಿಮ್ಮಡಿಯಲ್ಲಿ ಉದ್ದದ ಗಾಯ ಇತ್ತು, ಬರಿಗಾಲಲ್ಲಿ ಬಂದಾಗ ಆದದ್ದು. ತಗಡಿನ ಮೇಲೆ ಮಳೆ ಜೋರಾದಾಗೆಲ್ಲ ಅವರ ಕೈ ಟಾರ್ಚಿಗೆ ಹೋಗುತ್ತಿತ್ತು. ಅವರ ಚಾಪೆ ಇದ್ದದ್ದು ಹಾಲ್‌ನ ತೀರಾ ಒಳಗಿನ ಗೋಡೆ ಪಕ್ಕ. ಬಾಗಿಲಿಗೆ ಬರಬೇಕಾದರೆ ಮಲಗಿದವರನ್ನು ದಾಟಿಕೊಂಡು ಬರಬೇಕು. ಅಷ್ಟು ಗೊತ್ತಾದ ಮೇಲೆ ಚಪ್ಪಲಿಯ ವಿಷಯ ಯಾರೂ ವಿವರಿಸಬೇಕಾಗಲಿಲ್ಲ. ಇನ್ನೊಂದು ಸಲ ಓಡಬೇಕಾಗಿ ಬಂದರೆ ಅಂತ ಅವರು ತಯಾರಾಗಿ ಮಲಗುತ್ತಿದ್ದರು. ನಾವು ಅದನ್ನು ಶಿಸ್ತಿನ ವಿಷಯ ಮಾಡಿಕೊಂಡಿದ್ದೆವು.

ಅವತ್ತೇ ಸಂಜೆ ಅವರ ಚಾಪೆಯನ್ನು ಬಾಗಿಲ ಪಕ್ಕಕ್ಕೆ ತಂದೆವು. ಕಾಲಿನ ಅಳತೆಗೆ ಸರಿಯಾದ ಹೊಸ ಚಪ್ಪಲಿ ತಂದು, ತೊಳೆದು ಒರೆಸಿ, ಹಾಸಿಗೆ ಪಕ್ಕದಲ್ಲೇ ಇಟ್ಟೆವು. ಹಾಕಿಕೊಂಡೇ ಮಲಗಬಹುದು ಅಂತಲೂ ಹೇಳಿದೆವು. ರಾತ್ರಿ ಇಬ್ಬರು ಎಚ್ಚರ ಇರುತ್ತಾರೆ, ಏನಾದರೂ ಸದ್ದಾದರೆ ಅವರೇ ಎಬ್ಬಿಸುತ್ತಾರೆ ಅಂತ ಹೆಸರು ಹೇಳಿ, ಮುಖ ತೋರಿಸಿದೆವು. "ಯಾರು ಎಚ್ಚರ ಇರೋದು ಇವತ್ತು?" ಅಂತ ಆಮೇಲೆ ದೊಡ್ಡವ್ವ ದಿನವೂ ಕೇಳುತ್ತಿದ್ದರು. ಮೂರನೇ ರಾತ್ರಿ ನಾಲ್ಕು ಗಂಟೆ ನಿದ್ದೆ ಮಾಡಿದರು.

ಇನ್ನೊಂದು ಕೆಲಸ ಇಡೀ ಕೇಂದ್ರಕ್ಕೇ ಉಪಯೋಗವಾಯಿತು. ವಾಟ್ಸಾಪ್‌ನಲ್ಲಿ ದಿನಕ್ಕೊಂದು ಆಡಿಯೊ ಬರುತ್ತಿತ್ತು. ಇನ್ನೊಂದು ಗುಡ್ಡ ಇಳಿಯುತ್ತಂತೆ, ಇವತ್ತು ರಾತ್ರಿ ಭೂಮಿ ನಡುಗುತ್ತಂತೆ. ಹಾಲ್ ಪೂರ್ತಿ ಎದ್ದು ಕೂರುತ್ತಿತ್ತು. ನಾವು ಬಾಗಿಲ ಹತ್ತಿರ ಒಂದು ಕಪ್ಪು ಹಲಗೆ ಇಟ್ಟೆವು. ದಿನಾ ಸಂಜೆ 6 ಗಂಟೆಗೆ ಜಿಲ್ಲಾಡಳಿತದಿಂದ ಖಚಿತವಾದದ್ದನ್ನು ಮಾತ್ರ ಬರೆಯುವುದು. ಯಾವ ರಸ್ತೆ ತೆರೆದಿದೆ, ನಾಳೆ ಯಾವ ಅಧಿಕಾರಿ ಬರುತ್ತಾರೆ, ಯಾವ ಕಾಗದ ತಯಾರಿಡಬೇಕು. ಗೊತ್ತಿಲ್ಲದ್ದಕ್ಕೆ "ಇನ್ನೂ ತಿಳಿದಿಲ್ಲ" ಅಂತಲೇ ಬರೆದೆವು. ನಾಲ್ಕು ಭಾಷೆ ಬಲ್ಲವರು ಪಕ್ಕದಲ್ಲಿ ನಿಂತು ಓದಿ ಹೇಳುತ್ತಿದ್ದರು, ಯಾಕೆಂದರೆ ಕಾಫಿ ತೋಟದ ಲೈನ್‌ಮನೆಗಳಿಂದ ಬಂದ ಕಾರ್ಮಿಕರಲ್ಲಿ ತಮಿಳು, ಮಲಯಾಳ ಮಾತಾಡುವವರೂ ಇದ್ದರು. ಆರು ಗಂಟೆಗೆ ಸರಿಯಾಗಿ ಹಲಗೆ ಮುಂದೆ ಜನ ಸೇರುವುದು ಅಭ್ಯಾಸವಾಯಿತು. ಅಲ್ಲಿಂದ ಆಡಿಯೊಗಳ ಜೋರು ಕಮ್ಮಿಯಾಯಿತು.

ಅರ್ಜಿಯ ಒಂದು ಕಾಲಂ

ಜೋಡಿಸು ಅನ್ನುವ ಮೂರನೇ ಮಾತನ್ನು ನಾನು ಮೊದಲು ಹಗುರವಾಗಿ ತೆಗೆದುಕೊಂಡಿದ್ದೆ. ಕಾಗದಪತ್ರದ ಕೆಲಸ, ಅದಕ್ಕೂ ಮನಸ್ಸಿಗೂ ಏನು ಸಂಬಂಧ ಅಂತ. ದೊಡ್ಡವ್ವನ ಪ್ರಕರಣದಲ್ಲಿ ಬಾಗಿಲು ತೆರೆದದ್ದೇ ಅಲ್ಲಿ.

ಆಧಾರ್, ರೇಷನ್ ಕಾರ್ಡ್, ಪಹಣಿ ಎಲ್ಲ ಮಣ್ಣಿನ ಕೆಳಗೆ. ಸೋಮವಾರಪೇಟೆ ಕಡೆಯ ಒಬ್ಬ ಹುಡುಗಿ, ಆಗ ಡಿಗ್ರಿ ಎರಡನೇ ವರ್ಷ, ಅವರ ಅರ್ಜಿಗಳನ್ನು ತುಂಬಲು ಕೂತಳು. ಜಾನುವಾರು ಸತ್ತರೂ ಪರಿಹಾರ ಇದೆ ಅಂತ ಬಹಳ ಜನಕ್ಕೆ ಗೊತ್ತಿರಲಿಲ್ಲ. ಆಗಿನ ವಿಪತ್ತು ಪರಿಹಾರ ನಿಯಮದಲ್ಲಿ ಹಾಲು ಕೊಡುವ ಹಸುವಿಗೆ 30,000 ರೂಪಾಯಿ ಇತ್ತು. ಹುಡುಗಿ ಅದನ್ನು ತಿಳಿದುಕೊಂಡು ಬಂದಿದ್ದಳು.

"ದೊಡ್ಡವ್ವಾ, ಎಷ್ಟು ಹಸು?"

"ಎರಡು."

"ಬಣ್ಣ ಬರೀಬೇಕು."

ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದು ಕೆಂದು. ಹಣೆ ಮೇಲೆ ಬಿಳಿ ಬೊಟ್ಟು. ಇನ್ನೊಂದು ಕಪ್ಪು, ಅದು ಗಬ್ಬ" ಅಂದರು. ಹುಡುಗಿ ಬರೆದುಕೊಂಡಳು. ಮುಂದಿನ ಕಾಲಂಗೆ ಹೋಗಲಿಲ್ಲ. ಪೆನ್ನನ್ನು ಕಾಗದದ ಮೇಲಿಟ್ಟು ಕಾದಳು.

ಆಗ ಮಾತು ಬಂತು. ಕೂಗು ಕೇಳಿದಾಗ ದೊಡ್ಡವ್ವ ಮೊದಲು ಓಡಿದ್ದು ಕೊಟ್ಟಿಗೆಗೆ. ಕೆಂದು ಹಸುವಿನ ಕಣ್ಣಿ, ಅಂದರೆ ಕಟ್ಟಿದ ಹಗ್ಗ, ಬಿಚ್ಚಲು ಕೈ ಹಾಕಿದ್ದರು. ಮಳೆಗೆ ನೆನೆದ ಹಗ್ಗ, ಗಂಟು ಬಿಗಿದಿತ್ತು. ಅಷ್ಟರಲ್ಲಿ ಹುಡುಗ ಅಂಗಳದಿಂದ "ಅಜ್ಜೀ" ಅಂತ ಕಿರುಚಿದ. ಕೈ ಬಿಟ್ಟು ಓಡಿದರು. ಹಸು ಕತ್ತು ತಿರುಗಿಸಿ ಇವರನ್ನೇ ನೋಡುತ್ತಿತ್ತು. ಕತ್ತಿ ಒಲೆ ಪಕ್ಕದಲ್ಲೇ ಇತ್ತು, ಹಗ್ಗ ಕೊಯ್ಯಬಹುದಿತ್ತು, ಆ ಗಳಿಗೆಯಲ್ಲಿ ಹೊಳೆಯಲಿಲ್ಲ. "ಜೀವ ಉಳೀತಲ್ಲ ಅಂತಾರೆ ಎಲ್ಲರೂ. ಕಟ್ಟಿಹಾಕಿ ಬಂದೆ ನಾನು, ಮಗಾ. ಬಿಟ್ಟು ಬಂದಿದ್ರೆ ಅದರ ಹಣೆಬರಹ ಅನ್ನಬಹುದಿತ್ತು. ಕಟ್ಟಿಹಾಕಿ ಬಂದೆ."

ಹುಡುಗಿ ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದಳು. "ನಿಮ್ಮ ತಪ್ಪಲ್ಲ" ಅಂತಲೂ ಹೇಳಲಿಲ್ಲ. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಆಮೇಲೆ ಅವಳನ್ನು ಕೇಳಿದೆ, ಏನೂ ಹೇಳದೆ ಹೇಗೆ ಕೂತೆ ಅಂತ. "ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ ಸರ್. ಕಪ್ಪು ಹಸು ಎಷ್ಟು ತಿಂಗಳ ಗಬ್ಬ ಅಂತ ಮಾತ್ರ ಕೇಳಿದೆ" ಅಂದಳು. ದೊಡ್ಡವ್ವ ಆ ಒಂದು ಪ್ರಶ್ನೆಯನ್ನು ಇವತ್ತಿಗೂ ನೆನಪಿಸಿಕೊಳ್ಳುತ್ತಾರೆ. ಅವರ ಹಸುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೊದಲ ಮನುಷ್ಯಳು ಅವಳು.

ವೃತ್ತದಲ್ಲಿ ಕೂರಿಸಿದಾಗಲೂ ದೊಡ್ಡವ್ವ ಹೊರಟಿದ್ದು ಇದೇ ಮಾತಿಗೆ. ಅಲ್ಲಿ ಸರದಿ ಇತ್ತು, ಗುಂಪು ಇತ್ತು, ಹೇಳಲೇಬೇಕು ಅನ್ನುವ ಒತ್ತಡ ಇತ್ತು. ಇಲ್ಲಿ ಕೈಯಲ್ಲೊಂದು ಕೆಲಸವಿತ್ತು. ಹೇಳಿದರೂ ಸರಿ, ಬಿಟ್ಟರೂ ಸರಿ, ಅರ್ಜಿ ಹೇಗೂ ಮುಗಿಯುತ್ತಿತ್ತು. ಆಮೇಲೆ ನಾವು ಬೇರೆಯವರಲ್ಲೂ ಇದನ್ನೇ ಕಂಡೆವು. ಈರುಳ್ಳಿ ಹೆಚ್ಚುವಾಗ, ಬಟ್ಟೆ ವಿಂಗಡಿಸುವಾಗ, ಮೊಬೈಲ್ ಚಾರ್ಜಿಗೆ ಕಾಯುವಾಗ ಮಾತು ಬರುತ್ತಿತ್ತು. ಅದಕ್ಕೇ ಕೇಂದ್ರದ ಅಡುಗೆಯನ್ನು ನಿಧಾನವಾಗಿ ಅಲ್ಲಿದ್ದ ಹೆಂಗಸರ ಕೈಗೇ ಬಿಟ್ಟೆವು. ಹೊರಗಿನಿಂದ ಬರುವ ಪಲಾವ್, ಬ್ರೆಡ್ಡಿನ ಬದಲು ಅಕ್ಕಿ ರೊಟ್ಟಿ, ಸೌತೆಕಾಯಿ ಸಾರು ಆಯಿತು. ದೊಡ್ಡವ್ವ ರೊಟ್ಟಿ ತಟ್ಟುವ ಗುಂಪಿಗೆ ತಾವಾಗಿಯೇ ಸೇರಿದರು.

ಹನ್ನೆರಡನೇ ದಿನ, ಅನುಮತಿ ಸಿಕ್ಕ ಮೇಲೆ, ಅವರನ್ನು ಊರಿಗೆ ಕರೆದುಕೊಂಡು ಹೋದೆವು. ಹೋಗಲೇಬೇಕು ಅಂತ ಅವರೇ ಹೇಳಿದ್ದರು. ಜೊತೆಗೆ ಪಕ್ಕದ ಮನೆಯವರು, ನರ್ಸ್ ಅಕ್ಕ, ನಾನು. ಅಲ್ಲಿ ಮನೆ ಇದ್ದ ಗುರುತು ಇರಲಿಲ್ಲ. ಕೆಂಪು ಮಣ್ಣು, ಅದರಲ್ಲಿ ಅಡ್ಡಡ್ಡ ಬಿದ್ದ ಸಿಲ್ವರ್ ಓಕ್ ಮರಗಳು. ದೊಡ್ಡವ್ವ ತುಂಬಾ ಹೊತ್ತು ಹುಡುಕಿ ಕೆಳಗೆ ಕೈ ತೋರಿಸಿದರು. ಅಂಗಳದಲ್ಲಿದ್ದ ಹಲಸಿನ ಮರ ಇನ್ನೂರು ಅಡಿ ಕೆಳಗೆ, ಬೀಳದೆ, ನೇರವಾಗಿ ನಿಂತಿತ್ತು. "ನಮ್ಮ ಹಲಸು ನಡ್ಕೊಂಡು ಹೋಗಿದೆ ನೋಡಿ" ಅಂದರು. ಅಲ್ಲೇ ಮಣ್ಣಿನ ಮೇಲೆ ಕೂತು ಅತ್ತರು. ನಾವು ನಾಲ್ವರೂ ಕೂತೆವು. ಚೀಲದಲ್ಲಿ ತಂದಿದ್ದ ಒಂದು ಹಿಡಿ ಹುಲ್ಲನ್ನು ಕೊಟ್ಟಿಗೆ ಇದ್ದಿರಬಹುದಾದ ಜಾಗದಲ್ಲಿಟ್ಟು ಕೈ ಮುಗಿದರು. ಹುಲ್ಲು ಎಲ್ಲಿಂದ ಕಿತ್ತು ತಂದಿದ್ದರೋ ನಮಗ್ಯಾರಿಗೂ ಗೊತ್ತಿರಲಿಲ್ಲ.

ಮೊಮ್ಮಗನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅವನು ದಿನವೂ ಅಂಗಳದಲ್ಲಿ ಮಣ್ಣಿನ ಗುಡ್ಡ ಕಟ್ಟಿ, ನೀರು ಸುರಿದು, ಜರಿಸುತ್ತಿದ್ದ. ಮತ್ತೆ ಕಟ್ಟುತ್ತಿದ್ದ. ನೋಡಿದವರಿಗೆ ಹೊಟ್ಟೆ ಕಿವುಚುತ್ತಿತ್ತು. ನಿಲ್ಲಿಸೋಣ ಅಂತ ನಾನು ಹೊರಟಾಗ ಅಂಗನವಾಡಿ ಅಕ್ಕ ತಡೆದರು. ಮಕ್ಕಳು ನಡೆದದ್ದನ್ನು ಆಟದಲ್ಲೇ ಜೀರ್ಣಿಸಿಕೊಳ್ಳುತ್ತಾರೆ, ಪಕ್ಕದಲ್ಲಿ ಕೂತಿರಿ ಸಾಕು ಅಂದರು. ಮೂರನೇ ವಾರ ಆ ಗುಡ್ಡದ ಪಕ್ಕ ಒಂದು ರಸ್ತೆ ಬಂತು, ಆಮೇಲೆ ಒಂದು ಜೀಪು. ಜೀಪು ಜನರನ್ನು ಹತ್ತಿಸಿಕೊಂಡು ಹೋಗುತ್ತಿತ್ತು.

ಕೇಳಲೇಬೇಕಾದ ಒಂದು ಪ್ರಶ್ನೆ

ಇಲ್ಲಿಗೆ ಎಲ್ಲ ಸರಿಹೋಯಿತು ಅಂತ ನಾವು ಅಂದುಕೊಂಡೆವು. ಕೇಂದ್ರ ಖಾಲಿಯಾಗತೊಡಗಿತು. ದೊಡ್ಡವ್ವ ಬಾಡಿಗೆ ಮನೆಗೆ ಹೋದರು. ಐದನೇ ವಾರ ನರ್ಸ್ ಅಕ್ಕ ನೋಡಲು ಹೋದಾಗ ಒಲೆ ಹಚ್ಚಿರಲಿಲ್ಲ. ಮೈ ಇಳಿದುಹೋಗಿತ್ತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಹಗಲಲ್ಲೂ ಹಸು ಕೂಗಿದ ಹಾಗೆ ಕೇಳಿಸುತ್ತೆ ಅಂದರು. ಮಾತಿನ ನಡುವೆ, "ನಾನಿದ್ದು ಯಾರಿಗೇನು" ಅಂದರು.

ದುರಂತದ ಮೊದಲ ವಾರಗಳಲ್ಲಿ ನಿದ್ದೆ ಬಾರದಿರುವುದು, ಬೆಚ್ಚಿ ಬೀಳುವುದು, ಅಳು, ಸಿಟ್ಟು ಸಹಜ. ಬಹುಪಾಲು ಜನ ಸುರಕ್ಷಿತ ಜಾಗ, ಊಟ, ತಮ್ಮವರು, ಸ್ವಲ್ಪ ಕೆಲಸ ಸಿಕ್ಕರೆ ನಿಧಾನವಾಗಿ ಸುಧಾರಿಸಿಕೊಳ್ಳುತ್ತಾರೆ. ಆದರೆ ತಿಂಗಳು ದಾಟಿದರೂ ಇಳಿಯದೆ ದಿನದ ಬದುಕನ್ನೇ ತಡೆದರೆ ಅದು ವೈದ್ಯರು ನೋಡಬೇಕಾದ ವಿಷಯ. ಅದನ್ನು ಗುರುತಿಸುವುದು ನಮ್ಮಂಥವರ ಕೆಲಸ. ಚಿಕಿತ್ಸೆ ನಮ್ಮ ಕೆಲಸವಲ್ಲ.

ಅವತ್ತು ನರ್ಸ್ ಅಕ್ಕ ಒಂದು ಪ್ರಶ್ನೆ ಕೇಳಿದರು. ಇಷ್ಟು ದಿನ ಕೇಳಬೇಡಿ ಅಂದವರೇ ನೇರವಾಗಿ ಕೇಳಿದರು. "ದೊಡ್ಡವ್ವಾ, ಸಾಯಬೇಕು ಅನ್ನಿಸ್ತಾ ಇದೆಯಾ?" ನನಗೆ ಎದೆ ಝಲ್ ಅಂತು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ನಾನು ನಂಬಿದ್ದೆ. ಹಾಗೇನೂ ಆಗುವುದಿಲ್ಲ. ನೇರವಾಗಿ, ಪ್ರೀತಿಯಿಂದ ಕೇಳುವುದರಿಂದ ಅಪಾಯ ಜಾಸ್ತಿಯಾಗುವುದಿಲ್ಲ, ಒಳಗೇ ಇಟ್ಟುಕೊಂಡವರಿಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ದೊಡ್ಡವ್ವ ತಲೆ ತಗ್ಗಿಸಿ, "ಒಂದೊಂದು ದಿನ" ಅಂದರು.

ಅವತ್ತು ರಾತ್ರಿ ಅವರನ್ನು ಒಂಟಿಯಾಗಿ ಬಿಡಲಿಲ್ಲ. ಅವರನ್ನು ಕೇಳಿಯೇ ಮಗನಿಗೆ ಫೋನ್ ಮಾಡಿದೆವು, ಅವನು ಬೆಳಗಾಗುವಷ್ಟರಲ್ಲಿ ಬಂದ. ಮರುದಿನ ನರ್ಸ್ ಅಕ್ಕ ಜೊತೆಗೇ ಹೋಗಿ ಮನೋವೈದ್ಯರಿಗೆ ತೋರಿಸಿದರು. "ನಾನೇನು ಹುಚ್ಚಿಯಾ?" ಅಂತ ದಾರಿಯಲ್ಲಿ ಕೇಳಿದರಂತೆ. "ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಿದ್ವಲ್ಲ, ಇದೂ ಹಾಗೇ" ಅಂದರಂತೆ ಅಕ್ಕ. ಮಾತ್ರೆ, ಮಾತುಕತೆ ಎರಡೂ ಶುರುವಾದವು. ಸುಮಾರು ಏಳು ತಿಂಗಳು ನಡೆಯಿತು.

ಇಂಥ ಕೆಲಸದಲ್ಲಿ ನಮ್ಮ ರಾಜ್ಯಕ್ಕೆ ದೊಡ್ಡ ಬೆನ್ನೆಲುಬು ಬೆಂಗಳೂರಿನ ನಿಮ್ಹಾನ್ಸ್. ಭೋಪಾಲ್ ಅನಿಲ ದುರಂತದ ಕಾಲದಿಂದಲೂ ಅಲ್ಲಿನವರು ಸಂತ್ರಸ್ತರ ಮನಸ್ಸಿನ ಆರೈಕೆಯಲ್ಲಿ ತೊಡಗಿದ್ದಾರೆ. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಯಲ್ಲಿ ಊರಿನ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಕೆಲಸ ಮಾಡಿಸಿದರು. 2018ರಲ್ಲಿ ಕೊಡಗಿಗೂ ಬಂದರು. ಈಗ ಮನಸ್ಸಿನ ಆರೈಕೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಆಗ ನಮ್ಮ ಹತ್ತಿರ ಈ ನಂಬರ್ ಇರಲಿಲ್ಲ. ಇವತ್ತು ನಮ್ಮ ತಂಡದ ಎಲ್ಲರ ಗುರುತಿನ ಚೀಟಿಯ ಹಿಂದೆ ಅಚ್ಚು ಹಾಕಿಸಿದ್ದೇವೆ.

ಪಿಕಪ್ ಓಡಿಸಿದ ಹುಡುಗ

ನಮ್ಮ ತಂಡದ ಚಾಲಕನಿಗೆ ಆಗ 26. ಅವನ ಮನೆ ಗೋಡೆಯೂ ಬಿರುಕು ಬಿಟ್ಟಿತ್ತು. ಅಪ್ಪ ಅಮ್ಮನನ್ನು ನೆಂಟರ ಮನೆಯಲ್ಲಿ ಬಿಟ್ಟು ಬಂದಿದ್ದ. ಮೊದಲ ವಾರ ದಿನಕ್ಕೆ ಹದಿನೇಳು ಗಂಟೆ ಗಾಡಿ ಓಡಿಸಿದ. ನಾವು ಅವನನ್ನು ಹೀರೋ ಅಂತ ಕರೆದೆವು. ಅದು ದೊಡ್ಡ ಅನ್ಯಾಯ ಅಂತ ಈಗ ಅನ್ನಿಸುತ್ತದೆ. ಹೀರೋ ಅಂದ ಮೇಲೆ ಸುಸ್ತಾಗಿದೆ ಅಂತ ಹೇಳುವುದು ಹೇಗೆ? ಒಂಬತ್ತನೇ ದಿನ ಅಕ್ಕಿ ಮೂಟೆ ಇಳಿಸುವಾಗ ಯಾರೋ ಫೋಟೊ ತೆಗೆದರು ಅಂತ ಕೂಗಾಡಿದ. ಆಮೇಲೆ ಗಾಡಿಯ ಹಿಂದೆ ಕೂತು ಅಳುತ್ತಿದ್ದ. ಚಪ್ಪಲಿ ಬಿಡಿ ಅಂತ ದೊಡ್ಡವ್ವನಿಗೆ ಗಟ್ಟಿಯಾಗಿ ಹೇಳಿದ್ದೂ ಇವನೇ.

ಸ್ಥಳೀಯ ಸ್ವಯಂಸೇವಕ ಅಂದರೆ ಅದೇ ಗುಡ್ಡದ ಕೆಳಗೆ ಬದುಕುವವನು. ಭಾಷೆ, ದಾರಿ ಗೊತ್ತು, ಜನರ ನಂಬಿಕೆ ಇದೆ. ಆದರೆ ಅವನಿಗೂ ಅದೇ ಮಳೆ, ಅದೇ ಭಯ. ಅವತ್ತಿನಿಂದ ನಾವು ಪಾಳಿ ಹಾಕಿದೆವು. ಎಂಟು ಗಂಟೆ ಕೆಲಸ, ಯಾರೂ ಒಂಟಿಯಾಗಿ ಹೋಗಬಾರದು, ವಾರಕ್ಕೊಂದು ದಿನ ಕಡ್ಡಾಯ ರಜೆ. ಅವನು ರಜೆ ಬೇಡ ಅಂತ ಜಗಳ ಆಡಿದ. ಕೀ ಕಿತ್ತಿಟ್ಟುಕೊಂಡು ಅಮ್ಮನ ಹತ್ತಿರ ಕಳಿಸಿದೆವು. ಎರಡು ದಿನ ನಿದ್ದೆ ಮಾಡಿ ಬಂದ. ಬಂದವನು ಮೊದಲು ಹೋದದ್ದು ದೊಡ್ಡವ್ವನ ಹತ್ತಿರ. ಏನು ಹೇಳಿದನೋ ಗೊತ್ತಿಲ್ಲ. ಅವರು ಅವನಿಗೆ ಎರಡು ರೊಟ್ಟಿ ಕೊಟ್ಟರು.

ಜೂನ್ ಬಂದರೆ

ಆ ವರ್ಷ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ದೊಡ್ಡವ್ವನಿಗೆ ಕದಿರು ತೆಗೆಯಲು ಗದ್ದೆ ಇರಲಿಲ್ಲ. ಪಕ್ಕದ ಊರಿನವರು ತಮ್ಮ ಗದ್ದೆಯ ಕದಿರನ್ನು ಬಾಡಿಗೆ ಮನೆ ಬಾಗಿಲಿಗೆ ತಂದುಕೊಟ್ಟರು. ದೊಡ್ಡವ್ವ ಅದನ್ನು ದೀಪದ ಮುಂದಿಟ್ಟು, ಪಾಯಸ ಮಾಡಿ, ನಮ್ಮನ್ನೂ ಕರೆದರು. ನಮ್ಮ ಯಾವ ತರಬೇತಿಯಲ್ಲೂ ಇಲ್ಲದ್ದು ಅದು, ಊರು ಊರಿಗೆ ಮಾಡಿದ್ದು.

2019ರ ಆಗಸ್ಟ್‌ನಲ್ಲಿ ಮತ್ತೆ ಮಳೆ. ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಬೆಟ್ಟ ಜರಿದು ಜೀವಗಳು ಹೋದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದು ಅರ್ಚಕರ ಮನೆಯೇ ಹೋಯಿತು. ಪ್ರತಿ ಸಲವೂ ದೊಡ್ಡವ್ವನ ನಿದ್ದೆ ಕೆಟ್ಟಿತು. ಚಿಕಿತ್ಸೆ ಮುಗಿದ ಮೇಲೂ ಜೂನ್ ತಿಂಗಳ ಮೊದಲ ಜೋರು ಮಳೆಗೆ ಅವರು ಕಾಗದಪತ್ರದ ಚೀಲ ಕಟ್ಟಿ ಬಾಗಿಲ ಹಿಂದೆ ನೇತುಹಾಕುತ್ತಾರೆ. ಅದನ್ನು ನಾವು ಕಾಯಿಲೆ ಅಂತ ಬರೆದುಕೊಂಡಿಲ್ಲ. ಕೊಡಗಿನ ಗುಡ್ಡದಲ್ಲಿ ಬದುಕುವವರಿಗೆ ಅದು 2018 ಕಲಿಸಿದ ಬುದ್ಧಿ. ನಾವು ಮಾಡುವುದಿಷ್ಟೇ. ಮೇ ಕೊನೆಯಲ್ಲಿ ಮನೆಮನೆಗೆ ಒಂದು ಸುತ್ತು ಹೋಗುತ್ತೇವೆ, ಆಗಸ್ಟ್ ಮಧ್ಯದಲ್ಲಿ ಇನ್ನೊಂದು. ಕಾಫಿ ಕುಡಿದು ಬರುತ್ತೇವೆ.

ಈಗ ಅವರಿಗೆ ಸರ್ಕಾರ ಕೊಟ್ಟ ಬಡಾವಣೆಯಲ್ಲಿ ಮನೆ ಇದೆ. ಗಟ್ಟಿ ಮನೆ, ನೀರು, ಕರೆಂಟು ಎಲ್ಲ ಇದೆ. ಹಸು ಕಟ್ಟಲು ಜಾಗ ಇಲ್ಲ. ಆ ಕೊರತೆಗೆ ನಮ್ಮ ಹತ್ತಿರ ಪರಿಹಾರ ಇಲ್ಲ. ಅರ್ಜಿ ಬರೆದ ಹುಡುಗಿ ಈಗ ಮೇಷ್ಟ್ರಾಗಿದ್ದಾಳೆ, ಬಿಡುವಾದಾಗ ದೊಡ್ಡವ್ವನನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಮೂರು ಹಸುಗಳಿವೆ.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದ ಸುದ್ದಿ ಬಂತು. ನಮ್ಮ ತಂಡ ಸಾಮಾನು ಹೊಂದಿಸುತ್ತಿತ್ತು. ದೊಡ್ಡವ್ವನಿಗೆ ಟಿವಿ ಆಫ್ ಮಾಡಿ ಅಂತ ಹೇಳೋಣ ಅಂತ ಫೋನ್ ಮಾಡಿದೆ. ಅವರು ಆಗಲೇ ಆಫ್ ಮಾಡಿದ್ದರು.

"ಏನು ತಗೊಂಡು ಹೋಗ್ತೀರಿ?" ಅಂತ ಕೇಳಿದರು. ಅಕ್ಕಿ, ಕಂಬಳಿ, ಬಟ್ಟೆ ಅಂದೆ.

"ಬಟ್ಟೆ ಬೇಕಾದಷ್ಟು ಬರುತ್ತೆ. ಚಪ್ಪಲಿ ತಗೊಂಡು ಹೋಗಿ. ಎಲ್ಲ ಸೈಜೂ. ಮಕ್ಕಳದ್ದು ಮರೀಬೇಡಿ" ಅಂದರು.